ಸೊಮಾಲಿಯಾಕ್ಕೆ ಸೊನ್ನೆ, ಸ್ವಿಟ್ಜರ್ಲೆಂಡಿಗೆ ಹತ್ತು

ಪಾಲಿಟಿ ಎಂಬ ದತ್ತಾಂಶ ಸಂಗ್ರಹದಲ್ಲಿ ಸ್ವಿಟ್ಜರ್ಲೆಂಡಿಗೆ 1848ರಿಂದ ಈಚೆಗೆ ಪ್ರತಿ ವರ್ಷವೂ ಹತ್ತು. ಮೈನಸ್ ಹತ್ತರಿಂದ ಪ್ಲಸ್ ಹತ್ತರವರೆಗಿನ ಅಳತೆ ಅದು. ಕೆಳತುದಿಯಲ್ಲಿ ಅಪ್ಪಟ ಅರಸೊತ್ತಿಗೆ, ಮೇಲ್ತುದಿಯಲ್ಲಿ ಪೂರ್ಣ ಪ್ರಜಾಪ್ರಭುತ್ವ. ಹತ್ತು ಬಂದಿದೆ ಎಂದರೆ ಇನ್ನು ಸುಧಾರಿಸಲು ಏನೂ ಉಳಿದಿಲ್ಲ. ಆ ದೇಶದ ಹೆಂಗಸರಿಗೆ ರಾಷ್ಟ್ರೀಯ ಚುನಾವಣೆಯಲ್ಲಿ ಓಟು ಸಿಕ್ಕಿದ್ದು 1971ರಲ್ಲಿ. ಅಷ್ಟರಲ್ಲಿ ನಮ್ಮಲ್ಲಿ ಒಬ್ಬ ಹೆಂಗಸು ಐದು ವರ್ಷ ಪ್ರಧಾನಿಯಾಗಿದ್ದು, ಮತ್ತೊಂದು ಚುನಾವಣೆಯ ಪ್ರಚಾರದಲ್ಲಿದ್ದರು. ಮೊದಲ ಮಹಾಚುನಾವಣೆಯಲ್ಲೇ 21 ತುಂಬಿದ ಗಂಡು ಹೆಣ್ಣು ಎಲ್ಲರಿಗೂ ಓಟು ಕೊಟ್ಟ ಭಾರತಕ್ಕೆ ಅದೇ ಪಟ್ಟಿಯಲ್ಲಿ ಒಂಬತ್ತು.

ಅಚ್ಚಿನ ತಪ್ಪಿರಬಹುದೆಂದು ಅವರ ಕೋಡ್‌ಬುಕ್ ತೆಗೆದು ನೋಡಿದೆ. ತಪ್ಪಲ್ಲ. ಸರ್ಕಾರದ ಮುಖ್ಯಸ್ಥ ಹೇಗೆ ಬರುತ್ತಾನೆ, ಬಂದ ಮೇಲೆ ಅವನ ಕೈಗೆ ಕಡಿವಾಣ ಇದೆಯೇ, ರಾಜಕೀಯ ಪೈಪೋಟಿಗೆ ಎಷ್ಟು ಜಾಗ ಇದೆ, ಈ ಮೂರನ್ನೇ ಪಾಲಿಟಿ ನೋಡುವುದು. ಓಟು ಎಷ್ಟು ಜನಕ್ಕಿದೆ ಎಂಬ ಕಾಲಂ ಅದರಲ್ಲಿ ಇಲ್ಲವೇ ಇಲ್ಲ. ಕೇಳದ ಪ್ರಶ್ನೆಗೆ ಅಂಕ ಕಳೆಯುವುದು ಹೇಗೆ?

*

ಈ ಪಟ್ಟಿಗಳಲ್ಲಿ ಒಂದು ಸಾಲು ಎಂದರೆ ಒಂದು ದೇಶದ ಒಂದು ವರ್ಷ. ಟೆಡ್ ರಾಬರ್ಟ್ ಗರ್ ಎಂಬ ಅಮೆರಿಕದ ವಿದ್ವಾಂಸ 1970ರ ದಶಕದಲ್ಲಿ ಪಾಲಿಟಿಗೆ ಕೈಹಾಕಿದರು. ಅದು 1800ರಿಂದ ಶುರುವಾಗುತ್ತದೆ, ಐದು ಲಕ್ಷಕ್ಕಿಂತ ಹೆಚ್ಚು ಜನ ಇರುವ ದೇಶಗಳನ್ನೆಲ್ಲ ಎಣಿಸುತ್ತದೆ. ಪ್ರಜಾಪ್ರಭುತ್ವ ಇದ್ದರೆ ಆದಾಯ ಏರುತ್ತದೆಯೇ, ಯುದ್ಧ ಕಡಿಮೆಯಾಗುತ್ತದೆಯೇ, ಕ್ಷಾಮ ತಪ್ಪುತ್ತದೆಯೇ ಎಂದು ಹುಡುಕುವ ಅರ್ಥಶಾಸ್ತ್ರಜ್ಞರು ಈ ಸಾಲುಗಳನ್ನು ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳುತ್ತಾರೆ. ನಾನು ಈ ಪ್ರಶ್ನೆಗಳ ಉತ್ತರ ತಿಳಿಯಲು ಹೋದವನು. ಉತ್ತರಕ್ಕಿಂತ ಮೊದಲು, ಲೆಕ್ಕಕ್ಕೆ ಹಾಕುವ ಮುನ್ನ ಡೇಟಾ ಸಿದ್ಧಪಡಿಸುವ ಹಂತದಲ್ಲೇ ಸಿಕ್ಕಿಬಿದ್ದೆ. ದೊಡ್ಡ ತೀರ್ಮಾನಗಳೆಲ್ಲ ಅಲ್ಲೇ, ಯಾರೂ ಗಮನಿಸದಂತೆ ಆಗಿಹೋಗಿರುತ್ತವೆ ಎಂಬ ಗುಮಾನಿ ಈ ಟಿಪ್ಪಣಿಗಳನ್ನು ಬರೆಸುತ್ತಿದೆ.

*

ಮೈನಸ್ ಹತ್ತಕ್ಕಿಂತ ಕೆಳಗೆ ಹೋಗಲಾಗದ ಪಟ್ಟಿಯಲ್ಲಿ ಮೈನಸ್ 66, ಮೈನಸ್ 77, ಮೈನಸ್ 88 ಎಂಬ ಅಂಕಿಗಳು ಕಂಡವು. ಇವು ಅಂಕಗಳಲ್ಲ, ಗುರುತುಗಳು. 66 ಎಂದರೆ ಪರದೇಶದ ಸೈನ್ಯ ಕೂತಿದೆ. 2003ರ ನಂತರದ ಇರಾಕ್ ಹಾಗೆ. 77 ಎಂದರೆ ಕೇಂದ್ರ ಸರ್ಕಾರವೇ ಕುಸಿದಿದೆ. 1991ರಲ್ಲಿ ಸಿಯಾದ್ ಬರ್ರೆ ಓಡಿಹೋದ ಮೇಲಿನ ಸೊಮಾಲಿಯಾ ಹಾಗೆ. 88 ಎಂದರೆ ಹಳೆಯದು ಹೋಗಿ ಹೊಸದು ಇನ್ನೂ ಬಂದಿಲ್ಲ.

ಇಷ್ಟೇ ಆಗಿದ್ದರೆ ಸರಿಯೇ. ಆದರೆ ಗಣಕಕ್ಕೆ ಗುರುತು ಗೊತ್ತಿಲ್ಲ, ಅದಕ್ಕೆ ಎಲ್ಲವೂ ಸಂಖ್ಯೆ. ಎಚ್ಚರ ತಪ್ಪಿದವರ ಸರಾಸರಿಯಲ್ಲಿ ಒಂದೇ ಒಂದು ಮೈನಸ್ 88 ಸೇರಿಕೊಂಡರೆ ಇಡೀ ಖಂಡವೇ ಪಾತಾಳಕ್ಕೆ ಇಳಿಯುತ್ತದೆ. ಅದಕ್ಕೆಂದು ಪಾಲಿಟಿಯವರೇ ರಿಪೇರಿ ಮಾಡಿದ ಇನ್ನೊಂದು ಕಾಲಂ ಕೊಟ್ಟಿದ್ದಾರೆ, ಪಾಲಿಟಿ2 ಎಂದು. ಅದರಲ್ಲಿ 66 ಇದ್ದ ಕಡೆ ಖಾಲಿ. 88 ಇದ್ದ ಕಡೆ ಹಿಂದುಮುಂದಿನ ಅಂಕಗಳ ನಡುವೆ ಸಮನಾಗಿ ಹಂಚಿಕೆ: ಮೈನಸ್ ಏಳರಲ್ಲಿದ್ದ ದೇಶ ಮೂರು ವರ್ಷ ತಳಮಳದಲ್ಲಿದ್ದು ಪ್ಲಸ್ ಐದಕ್ಕೆ ಬಂದರೆ, ನಡುವಿನ ವರ್ಷಗಳಿಗೆ ಮೈನಸ್ ನಾಲ್ಕು, ಮೈನಸ್ ಒಂದು, ಪ್ಲಸ್ ಎರಡು. ಬೀದಿಯಲ್ಲಿ ಗುಂಡು ಹಾರುತ್ತಿದ್ದ ವರ್ಷಗಳು ಕಾಗದದ ಮೇಲೆ ಮೆಟ್ಟಿಲು ಹತ್ತಿದಷ್ಟು ಶಿಸ್ತಾಗಿ ಮೇಲೇರುತ್ತವೆ. ಇನ್ನು 77 ಇದ್ದ ಕಡೆ ಸೊನ್ನೆ.

ಈ ಸೊನ್ನೆಯ ಮುಂದೆ ನಾನು ತುಂಬಾ ಹೊತ್ತು ನಿಂತೆ. ಮೈನಸ್ ಹತ್ತು ಮತ್ತು ಪ್ಲಸ್ ಹತ್ತರ ನಡುವೆ ಸೊನ್ನೆ ಎಂದರೆ ಶೂನ್ಯವಲ್ಲ, ನಟ್ಟನಡು. ಸರ್ಕಾರವೇ ಇಲ್ಲದ ಸೊಮಾಲಿಯಾ ಆ ಕಾಲಂನಲ್ಲಿ ಅನೇಕ ರಾಜರಿಗಿಂತ, ಸೇನಾಧಿಪತಿಗಳಿಗಿಂತ ಹೆಚ್ಚು ಪ್ರಜಾಸತ್ತಾತ್ಮಕ.

ಅಣ್ಣನ ಮಗಳು ಇಂಥ ಡೇಟಾ ಕ್ಲೀನ್ ಮಾಡುವ ಕೆಲಸದಲ್ಲೇ ಇದ್ದಾಳೆ. ಫೋನಿನಲ್ಲಿ ಕೇಳಿದೆ.

"ಇದೇನಮ್ಮ, ಸರ್ಕಾರವೇ ಇಲ್ಲದ ದೇಶಕ್ಕೆ ನಡುಮಧ್ಯದ ಅಂಕ?"

"ಖಾಲಿ ಬಿಟ್ರೆ ಆ ಸಾಲೇ ಲೆಕ್ಕದಿಂದ ಉದುರಿಹೋಗತ್ತೆ ಚಿಕ್ಕಪ್ಪ. ಯುದ್ಧ ನಡೆದ ದೇಶಗಳೇ ಉದುರಿಹೋದ್ರೆ ಯುದ್ಧದ ಬಗ್ಗೆ ಏನಂತ ಬರೆಯೋದು?"

"ಹಾಗಂತ ಸೊನ್ನೆ ಹಾಕೋದಾ?"

"ನೀವೇ ಹೇಳಿ, ಏನು ಹಾಕೋಣ?"

ನನಗೆ ಹೇಳಲು ಬರಲಿಲ್ಲ. ಪ್ಲ್ಯೂಂಪರ್ ಮತ್ತು ನಾಯ್ಮಾಯರ್ ಎಂಬಿಬ್ಬರು 2010ರಲ್ಲಿ ಈ ಸೊನ್ನೆಯ ವಿರುದ್ಧವೇ ಒಂದು ಪ್ರಬಂಧ ಬರೆದು ಬೇರೆ ದಾರಿ ಸೂಚಿಸಿದ್ದಾರೆಂದು ಅವಳೇ ತಿಳಿಸಿದಳು. ಆದರೂ ಸೊನ್ನೆ ಹಾಗೇ ಇದೆ. ಇಳಿಸಿಕೊಂಡ ಫೈಲಿನಲ್ಲಿ ಇದ್ದದ್ದನ್ನು ಬಳಸುವವರೇ ಹೆಚ್ಚು.

*

ಸೊನ್ನೆಯ ಆಸುಪಾಸಿನ ದೇಶಗಳಲ್ಲೇ ಅಂತರ್ಯುದ್ಧ ಜಾಸ್ತಿ ಎಂಬ ಸಿದ್ಧಾಂತ ಬಹಳ ಕಾಲ ಚಾಲ್ತಿಯಲ್ಲಿತ್ತು. ಗಟ್ಟಿ ಸರ್ವಾಧಿಕಾರದಲ್ಲಿ ದಂಗೆ ಏಳಲು ಬಿಡುವುದಿಲ್ಲ, ಗಟ್ಟಿ ಪ್ರಜಾಪ್ರಭುತ್ವದಲ್ಲಿ ದಂಗೆ ಬೇಕಿಲ್ಲ, ಅಪಾಯವೆಲ್ಲ ನಡುವಿನವರಿಗೆ. ಕೇಳಲು ಚೆನ್ನಾಗಿದೆ. 2008ರಲ್ಲಿ ಜೇಮ್ಸ್ ವ್ರೀಲ್ಯಾಂಡ್ ಎಂಬ ವಿದ್ವಾಂಸ ಆ ಅಂಕವನ್ನು ಬಿಚ್ಚಿ ಬಿಡಿಭಾಗ ನೋಡಿದರು. ನಡುವಿನ ಅಂಕ ಕೊಡುವಾಗ ನೋಡುವ ಅಂಶಗಳಲ್ಲಿ ಒಂದು, ಗುಂಪುಗಳ ನಡುವೆ ಹಿಂಸಾತ್ಮಕ ಕಚ್ಚಾಟ ಇದೆಯೇ ಎಂಬುದು! ಜಗಳ ಇದ್ದುದಕ್ಕೆ ನಡುವಿನ ಅಂಕ, ನಡುವಿನ ಅಂಕ ಇದ್ದುದಕ್ಕೆ ಜಗಳ. ಆ ಬಿಡಿಭಾಗಗಳನ್ನು ತೆಗೆದು ಲೆಕ್ಕ ಹಾಕಿದಾಗ ಸಿದ್ಧಾಂತ ಬಹುಮಟ್ಟಿಗೆ ಕರಗಿತು.

*

ಹೆಸರುಗಳ ಗೋಳು. ಎರಡು ಕೊರಿಯಾ, ಎರಡು ಕಾಂಗೊ. ಸ್ವಾಜಿಲ್ಯಾಂಡ್ 2018ರಲ್ಲಿ ಎಸ್ವಾತಿನಿ ಆಯಿತು, ಮ್ಯಾಸಿಡೋನಿಯಾ 2019ರಲ್ಲಿ ಉತ್ತರ ಮ್ಯಾಸಿಡೋನಿಯಾ. ಒಂದು ಫೈಲಿನಲ್ಲಿ ಬರ್ಮಾ, ಇನ್ನೊಂದರಲ್ಲಿ ಮ್ಯಾನ್ಮಾರ್. ಎರಡನ್ನೂ ಜೋಡಿಸಿದರೆ ಗಣಕ ಇಬ್ಬರಿಗೂ ಪರಿಚಯವಿಲ್ಲ ಎನ್ನುತ್ತದೆ, ಸಾಲು ಸದ್ದಿಲ್ಲದೆ ಮಾಯ.

ಅದಕ್ಕೇ ಹೆಸರು ಬಿಟ್ಟು ಸಂಖ್ಯೆ ಬಳಸುತ್ತಾರೆ. ಅಲ್ಲೂ ತಲಾ ಒಂದೊಂದು ಮನೆತನ. ಯುದ್ಧಗಳನ್ನು ಅಧ್ಯಯನ ಮಾಡುವವರ ಪಟ್ಟಿಯಲ್ಲಿ ಭಾರತ 750, ಅಂತಾರಾಷ್ಟ್ರೀಯ ಪ್ರಮಾಣ ಸಂಸ್ಥೆಯ ಪಟ್ಟಿಯಲ್ಲಿ 356, ಪ್ರಜಾಪ್ರಭುತ್ವ ಅಳೆಯುವ ಸ್ವೀಡನ್ನಿನ ವಿ-ಡೆಮ್ ಪಟ್ಟಿಯಲ್ಲಿ 39. ವಿ-ಡೆಮ್‌ನಲ್ಲಿ 20 ಎಂದರೆ ಅಮೆರಿಕ, ಯುದ್ಧದವರಲ್ಲಿ 20 ಎಂದರೆ ಕೆನಡಾ. ಕಾಲಂ ನೋಡದೆ ಜೋಡಿಸಿದವನ ಕೈಯಲ್ಲಿ ಟ್ರಂಪ್ ಆಡಳಿತದ ಅಂಕ ಒಟ್ಟಾವಾಕ್ಕೆ ಸೇರುತ್ತದೆ.

ನಮೀಬಿಯಾದ್ದು ಇನ್ನೂ ಸೊಗಸು. ಅದರ ಎರಡಕ್ಷರದ ಅಂತಾರಾಷ್ಟ್ರೀಯ ಸಂಕೇತ 'ಎನ್ಎ'. ಸಂಖ್ಯಾಶಾಸ್ತ್ರದ ತಂತ್ರಾಂಶಗಳಲ್ಲಿ 'ಎನ್ಎ' ಎಂದರೆ ಮಾಹಿತಿ ಲಭ್ಯವಿಲ್ಲ. ಹೀಗಾಗಿ ದಕ್ಷಿಣ ಆಫ್ರಿಕಾದ ಹಿಡಿತದಿಂದ 1990ರಲ್ಲಿ ಬಿಡಿಸಿಕೊಂಡು ಬಂದ ದೇಶ, ಫೈಲು ತೆರೆದ ಕ್ಷಣದಲ್ಲೇ ಲಭ್ಯವಿಲ್ಲದ್ದಾಗುತ್ತದೆ. ಡೇಟಾದವರಲ್ಲಿ ಇದು ಹಳೆಯ ನಗೆಚಟಾಕಿಯಂತೆ. ನಮೀಬಿಯಾದವರಿಗೆ ನಗು ಬರುತ್ತದೋ ಇಲ್ಲವೋ.

*

ಫ್ರೀಡಂ ಹೌಸ್ ಎಂಬ ಸಂಸ್ಥೆಯವರ ಸ್ವಾತಂತ್ರ್ಯ ಸಮೀಕ್ಷೆ 1970ರ ದಶಕದ ಆರಂಭದ್ದು. ರೇಮಂಡ್ ಗ್ಯಾಸ್ಟಿಲ್ ಎಂಬಾತ ಮೊದಲ ಹಲವು ವರ್ಷ ಬಹುಮಟ್ಟಿಗೆ ಒಬ್ಬರೇ ಕೂತು ಜಗತ್ತಿನ ದೇಶಗಳಿಗೆಲ್ಲ ಅಂಕ ಹಾಕಿದರು. ಒಂದರಿಂದ ಏಳು, ಇಲ್ಲಿ ಒಂದೇ ಉತ್ತಮ, ಏಳು ಅಧಮ. ಪಾಲಿಟಿಯೊಡನೆ ಜೋಡಿಸುವವರು ಎಂಟರಿಂದ ಕಳೆದು ತಲೆಕೆಳಗು ಮಾಡಿಕೊಳ್ಳಬೇಕು, ಮರೆತರೆ ಉತ್ತರ ಕೊರಿಯಾ ಸ್ವರ್ಗ.

1980ರ ದಶಕದ ಶುರುವಿನಲ್ಲಿ ಅವರ ಒಂದು ಸಮೀಕ್ಷೆಯ ಅವಧಿ 1981ರ ಜನವರಿಯಿಂದ 1982ರ ಆಗಸ್ಟ್‌ವರೆಗೆ. ಇಪ್ಪತ್ತು ತಿಂಗಳ ವರ್ಷ. ಮುಂದಿನದು 1982ರ ಆಗಸ್ಟ್‌ನಿಂದ 1983ರ ನವೆಂಬರ್‌ವರೆಗೆ. ನಮ್ಮ ಪಂಚಾಂಗದವರಿಗೂ ಇಷ್ಟು ಧೈರ್ಯವಿಲ್ಲ, ಅಧಿಕ ಮಾಸ ಬಂದರೆ ಒಂದೇ ಒಂದು. ಹೀಗಾಗಿ 1982 ಯಾರ ಪಾಲಿಗೆ ಎಂಬುದನ್ನು ಫೈಲು ಸಿದ್ಧಪಡಿಸುವವರೇ ತೀರ್ಮಾನಿಸಬೇಕು.

ಆ ಕೋಷ್ಟಕದ ಒಂದು ಮನೆ ಮಾತ್ರ ಎರಡು ಸಲ ಓದುವಂತೆ ಮಾಡಿತು. 1972ರ ದಕ್ಷಿಣ ಆಫ್ರಿಕಾ. ರಾಜಕೀಯ ಹಕ್ಕು: 2, ಆವರಣದಲ್ಲಿ 5. ನಾಗರಿಕ ಸ್ವಾತಂತ್ರ್ಯ: 3, ಆವರಣದಲ್ಲಿ 6. ಹೊರಗಿನ ಅಂಕ ಬಿಳಿಯರಿಗೆ, ಆವರಣದೊಳಗಿನದು ಕರಿಯರಿಗೆ. ಒಂದೇ ದೇಶ, ಒಂದೇ ವರ್ಷ, 'ಸ್ವತಂತ್ರ' ಮತ್ತು 'ಸ್ವತಂತ್ರವಲ್ಲ'. ತಂತ್ರಾಂಶ ಇದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ. ಯಾರೋ ಒಬ್ಬರು ಆವರಣವನ್ನು ಅಳಿಸಬೇಕು, ಇಲ್ಲವೇ ಆವರಣದ ಹೊರಗಿದ್ದುದನ್ನು. ಇಷ್ಟು ಪ್ರಾಮಾಣಿಕವಾದ ಮನೆ ಈ ಫೈಲುಗಳಲ್ಲಿ ಇನ್ನೊಂದು ನನಗೆ ಸಿಗಲಿಲ್ಲ. ಕ್ಲೀನ್ ಮಾಡುವಾಗ ಮೊದಲು ಹೋಗುವುದೂ ಅದೇ.

*

ನಮ್ಮ ಮನೆಯ ಲೆಕ್ಕ: ತುರ್ತು ಪರಿಸ್ಥಿತಿ. 1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರವರೆಗೆ. ಅದರ ತನಿಖೆ ನಡೆಸಿದ ಷಾ ಆಯೋಗದ ಪ್ರಕಾರ ಮೀಸಾ ಕಾಯ್ದೆಯಡಿ 34,988, ಭಾರತ ರಕ್ಷಣಾ ನಿಯಮಗಳಡಿ 75,818 ಜನ ಬಂಧಿತರಾದರು. ಬಂಧನ ಪ್ರಶ್ನಿಸುವ ಹಕ್ಕೂ ಇಲ್ಲ ಎಂದು 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಪ್ಪದಿದ್ದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. 1976ರಲ್ಲಿ ಆಗಬೇಕಿದ್ದ ಲೋಕಸಭಾ ಚುನಾವಣೆ ಮುಂದಕ್ಕೆ ಹೋಯಿತು.

ಪಾಲಿಟಿಯಲ್ಲಿ 1974ಕ್ಕೆ ಒಂಬತ್ತು, 1975 ಮತ್ತು 1976ಕ್ಕೆ ಏಳು, 1977ಕ್ಕೆ ಎಂಟು. ಆರು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪ್ರಜಾಪ್ರಭುತ್ವ ಎಂಬುದು ರೂಢಿಯ ಗೆರೆ. ಅಂದರೆ ಆ ಕಾಲದಲ್ಲೂ ನಾವು ಪಾಸು. ಪಕ್ಕದಲ್ಲಿ ಇದನ್ನಿಟ್ಟುಕೊಳ್ಳಿ: 2020ರ ಕೊನೆಗೆ ಇದೇ ಯೋಜನೆ ಅಮೆರಿಕಕ್ಕೆ ಕೊಟ್ಟದ್ದು ಐದು. ಈ ಯೋಜನೆಗೆ ಬಹುಕಾಲ ಹಣ ಬಂದದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಪೋಷಿಸಿದ ಕಾರ್ಯಪಡೆಯಿಂದ. ಆ ಹಣ 2020ರಲ್ಲೇ ನಿಂತಿತು. ಇದರಿಂದ ಒಂದು ಕತೆ ಕಟ್ಟಬೇಕೆನಿಸುತ್ತದೆ, ಕಟ್ಟುವುದಿಲ್ಲ.

ಪಾಲಿಟಿ ನೋಡುವುದು ಡಿಸೆಂಬರ್ 31ರ ಸ್ಥಿತಿ. ಹಾಗಾಗಿ 1975ರ ಮೊದಲಾರು ತಿಂಗಳು, ಜಯಪ್ರಕಾಶ ನಾರಾಯಣರ ಮೆರವಣಿಗೆಗಳ ಸಮೇತ, ತುರ್ತು ಪರಿಸ್ಥಿತಿಗೆ ಸೇರಿತು. 1977ರ ಮೊದಲ ಎಂಬತ್ತು ದಿನ ಜನತಾ ಸರ್ಕಾರದ ಖಾತೆಗೆ ಜಮೆಯಾಯಿತು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ 1976ರ ಮೇ ತಿಂಗಳಲ್ಲಿ ಬಂಧಿತರಾಗಿ, ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಐದೇ ದಿನಕ್ಕೆ ತೀರಿಕೊಂಡದ್ದು 1977ರ ಜನವರಿ 20ರಂದು. ಅವರ ಸಾವು ಎಂಟು ಅಂಕದ ಸಾಲಿನಲ್ಲಿದೆ.

ಫ್ರೀಡಂ ಹೌಸ್ ಆ ಎರಡು ವರ್ಷಕ್ಕೆ ನಮ್ಮನ್ನು 'ಭಾಗಶಃ ಸ್ವತಂತ್ರ' ಎಂದಿತು. ರಾಜಕೀಯ ಹಕ್ಕಿಗೆ ಎರಡು, ನಾಗರಿಕ ಸ್ವಾತಂತ್ರ್ಯಕ್ಕೆ ಐದು. ವಿರೋಧ ಪಕ್ಷದ ನಾಯಕರೆಲ್ಲ ಜೈಲಿನಲ್ಲಿದ್ದಾಗ ರಾಜಕೀಯ ಹಕ್ಕು ಎರಡಕ್ಕೆ ನಿಂತದ್ದು ಹೇಗೆಂದು ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ. ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದವರು ಜೂನ್ 26ರಂದು ಇಲ್ಲೇ ಬಂಧಿತರಾದರಲ್ಲ!

ಇನ್ನೊಂದು ವಿಧಾನ ಫಿನ್ಲೆಂಡಿನ ತಾತು ವಾನ್‌ಹಾನನ್ ಅವರದು. ಅದರಲ್ಲಿ ಯಾರ ಅಭಿಪ್ರಾಯಕ್ಕೂ ಜಾಗವಿಲ್ಲ, ಬರೀ ಗುಣಾಕಾರ. ನೂರರಿಂದ ಅತಿದೊಡ್ಡ ಪಕ್ಷದ ಮತಪ್ರಮಾಣ ಕಳೆಯಿರಿ, ಅದು ಪೈಪೋಟಿ. ಓಟು ಹಾಕಿದವರು ಒಟ್ಟು ಜನಸಂಖ್ಯೆಯಲ್ಲಿ ಶೇಕಡಾ ಎಷ್ಟು, ಅದು ಭಾಗವಹಿಸುವಿಕೆ. ಎರಡನ್ನೂ ಗುಣಿಸಿ ನೂರರಿಂದ ಭಾಗಿಸಿ. ನಾನೇ ಲೆಕ್ಕ ಹಾಕಿದೆ. 1971ರಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ಶೇ. 43.68, ಪೈಪೋಟಿ 56.3. ಸುಮಾರು 54.8 ಕೋಟಿ ಜನರಲ್ಲಿ ಓಟು ಹಾಕಿದವರು 15.15 ಕೋಟಿ. ಬಂದದ್ದು 15.6. 2024ರಲ್ಲಿ ಬಿಜೆಪಿಗೆ ಶೇ. 36.56, ಓಟು ಹಾಕಿದವರು 64.2 ಕೋಟಿ, ಜನಸಂಖ್ಯೆ 144 ಕೋಟಿ ಎಂದಿಟ್ಟುಕೊಂಡರೆ 28ರ ಮೇಲೆ. ಹೆಚ್ಚುಕಡಿಮೆ ಎರಡು ಪಟ್ಟು! ಅದರಲ್ಲಿ ಒಂದು ಪಾಲು ದೊಡ್ಡ ಪಕ್ಷದ ಮತಪ್ರಮಾಣ ಇಳಿದದ್ದು, ಒಂದು ಪಾಲು ಮತಗಟ್ಟೆಗೆ ಹೆಚ್ಚು ಜನ ಬಂದದ್ದು, ಇನ್ನೊಂದು ಪಾಲು 1989ರಲ್ಲಿ ಮತದ ವಯಸ್ಸು 18ಕ್ಕೆ ಇಳಿದದ್ದು, ಮಿಕ್ಕದ್ದು ಮನೆಗಳಲ್ಲಿ ಮಕ್ಕಳು ಕಡಿಮೆಯಾದದ್ದು. ಕುಟುಂಬ ಯೋಜನೆ ಪ್ರಜಾಪ್ರಭುತ್ವವನ್ನು ಹೆಚ್ಚಿಸಿತೆಂದು ಓದಿಕೊಳ್ಳಬೇಕೇ?

ಈ ಸೂತ್ರವನ್ನು ಅಕ್ಷರಶಃ ಹಿಡಿದರೆ ಮುಂದಿನ ಚುನಾವಣೆಯವರೆಗೂ ಹಳೆಯ ಅಂಕವೇ ಮುಂದುವರಿಯುತ್ತದೆ. 1972ಕ್ಕೂ 15.6, 1976ಕ್ಕೂ 15.6. ತುರ್ತು ಪರಿಸ್ಥಿತಿ ಎಂಬುದು ನಡೆದೇ ಇಲ್ಲ.

*

1881ರಲ್ಲಿ ದಿವಾನ್ ರಂಗಾಚಾರ್ಲು ಶುರುಮಾಡಿದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಈ ಫೈಲುಗಳಲ್ಲಿ ಎಲ್ಲಾದರೂ ಜಾಗ ಇದೆಯೇ ಎಂದು ಆಸೆಯಿಂದ ಹುಡುಕಿದೆ. ಪಾಲಿಟಿಯಲ್ಲಿ ಭಾರತ ಶುರುವಾಗುವುದೇ 1950ಕ್ಕೆ. ಸಂಸ್ಥಾನಗಳು ಸಾಲುಗಳಲ್ಲ.

*

ವಿ-ಡೆಮ್‌ನದು ಬೇರೆಯೇ ಜಾತ್ರೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅದರ ಕೇಂದ್ರ. ನೂರಾರು ಸೂಚಕಗಳು, ಸಾವಿರಾರು ತಜ್ಞರು, 1789ರಿಂದ ಲೆಕ್ಕ. ತಜ್ಞರ ಅಭಿಪ್ರಾಯ ಬೇಕಾದ ಒಂದೊಂದು ಪ್ರಶ್ನೆಗೂ ಸಾಮಾನ್ಯವಾಗಿ ಐದು ಜನ ಉತ್ತರಿಸಬೇಕು. ಒಬ್ಬರು ಧಾರಾಳಿ, ಇನ್ನೊಬ್ಬರು ಜಿಪುಣರು ಎಂಬುದು ಅವರಿಗೂ ಗೊತ್ತು. ಅದಕ್ಕೆ ಕಾಲ್ಪನಿಕ ದೇಶವೊಂದರ ವರ್ಣನೆ ಕೊಟ್ಟು ಅದಕ್ಕೂ ಅಂಕ ಹಾಕಿಸುತ್ತಾರೆ. ಇಲ್ಲದ ದೇಶಕ್ಕೆ ನೀವು ಎಷ್ಟು ಕೊಡುತ್ತೀರೆಂಬುದರ ಮೇಲೆ ಇರುವ ದೇಶಕ್ಕೆ ಕೊಟ್ಟದ್ದನ್ನು ತಿದ್ದಿಕೊಳ್ಳುತ್ತದೆ ಅವರ ಸಂಖ್ಯಾಶಾಸ್ತ್ರದ ಮಾದರಿ. ಕೊನೆಗೆ ಸಿಗುವುದು ಒಂದು ಅಂಕ, ಜತೆಗೆ ಇಷ್ಟರಿಂದ ಇಷ್ಟರವರೆಗೆ ಇರಬಹುದು ಎಂಬ ಅಂತರ. ಪತ್ರಿಕೆಗಳಲ್ಲಿ ಅಚ್ಚಾಗುವುದು ಅಂಕ ಮಾತ್ರ. ಪ್ರತಿವರ್ಷ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕುವುದರಿಂದ ಹಿಂದಿನ ವರ್ಷಗಳ ಅಂಕಗಳೂ ಕೊಂಚ ಅಲುಗುತ್ತವೆ. ನೆಹರೂ ಕಾಲದ ಭಾರತ ಹೋದ ವರ್ಷ ಇದ್ದಷ್ಟೇ ಈ ವರ್ಷವೂ ಇರುತ್ತದೆಂಬ ಖಾತ್ರಿ ಇಲ್ಲ.

2021ರ ವರದಿಯಲ್ಲಿ ಅವರು ಭಾರತವನ್ನು 'ಚುನಾವಣಾ ಸರ್ವಾಧಿಕಾರ' ಎಂದರು. ಅದೇ ವರ್ಷ ಫ್ರೀಡಂ ಹೌಸ್ ನಮ್ಮ ಅಂಕವನ್ನು ನೂರಕ್ಕೆ 71ರಿಂದ 67ಕ್ಕೆ ಇಳಿಸಿ 'ಭಾಗಶಃ ಸ್ವತಂತ್ರ' ಎಂದಿತು. ವಿದೇಶಾಂಗ ಸಚಿವ ಜೈಶಂಕರ್ ಇವರನ್ನು ತಮ್ಮನ್ನು ತಾವೇ ನೇಮಿಸಿಕೊಂಡ ಜಗತ್ತಿನ ಕಾವಲುಗಾರರು ಎಂದು ಜರೆದರು. 2022ರಲ್ಲಿ ಪ್ರಧಾನಿಯ ಆರ್ಥಿಕ ಸಲಹಾ ಮಂಡಳಿಯ ಸಂಜೀವ್ ಸನ್ಯಾಲ್, ಆಕಾಂಕ್ಷಾ ಅರೋರಾ ಒಂದು ಪ್ರಬಂಧ ಬರೆದರು. ಅಂಕ ಹಾಕುವ ತಜ್ಞರು ಯಾರೆಂದು ಗೊತ್ತಿಲ್ಲ, ಇಂದಿನ ಭಾರತಕ್ಕೂ ತುರ್ತು ಪರಿಸ್ಥಿತಿಯ ಭಾರತಕ್ಕೂ ಒಂದೇ ಹಣೆಪಟ್ಟಿಯೇ ಎಂಬುದು ಅವರ ತಕರಾರು.

ಆ ಕೊನೆಯ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಅದಕ್ಕೆ ಎರಡು ಉತ್ತರ ಸಾಧ್ಯ: ಇಂದಿನದು ತೀರಾ ಕಡಿಮೆಯಾಯಿತು ಎಂದೂ ಹೇಳಬಹುದು, ನಾಲ್ಕೈದೇ ಖಾನೆಗಳಲ್ಲಿ ಜಗತ್ತನ್ನು ತುರುಕಿದರೆ ಹೀಗೆಯೇ ಆಗುವುದು ಎಂದೂ ಹೇಳಬಹುದು. ಖಾನೆ ದೊಡ್ಡದು, ಒಂದರೊಳಗೆ ಎರಡು ಭಾರತ ದೂರ ದೂರ ಕೂತಿರಬಹುದು. ಇದನ್ನು ಪ್ರಬಂಧವೂ ಗಟ್ಟಿಯಾಗಿ ಹೇಳಲಿಲ್ಲ, ಹಣೆಪಟ್ಟಿಯನ್ನು ಸಂಭ್ರಮಿಸಿದವರೂ ಹೇಳಲಿಲ್ಲ.

*

ತಜ್ಞನ ಕುರ್ಚಿಯಲ್ಲಿ ನಾನೇ ಕೂತು ನೋಡಿದೆ. ವಿ-ಡೆಮ್‌ನ ಸೂಚಕಗಳಲ್ಲಿ ಶಾಂತಿಯುತವಾಗಿ ಸಭೆ ಸೇರುವ ಸ್ವಾತಂತ್ರ್ಯದ್ದೂ ಒಂದು. ಬೆಂಗಳೂರಿನಲ್ಲಿ ಪ್ರತಿಭಟನೆಗೆ ಗೊತ್ತುಮಾಡಿದ ಜಾಗ ಫ್ರೀಡಂ ಪಾರ್ಕ್. ಧರಣಿ, ಮೆರವಣಿಗೆ ಏನಿದ್ದರೂ ಅಲ್ಲಿಗೇ ಸೀಮಿತ ಎಂದು 2021ರ ಆದೇಶ ಹೇಳುತ್ತದೆ. ಆ ಪಾರ್ಕು ಹಿಂದೆ ಸೆಂಟ್ರಲ್ ಜೈಲು. ಈಗ ಹೇಳಿ, ಅಂಕ ಎಷ್ಟು? ಅನುಮತಿ ಇದೆ, ಪೊಲೀಸರು ನೀರಿನ ಟ್ಯಾಂಕರನ್ನೂ ನಿಲ್ಲಿಸಬಹುದು. ಆದರೆ ವಿಧಾನಸೌಧದ ಎದುರು ನಿಂತು ಕೂಗುವ ಹಾಗಿಲ್ಲ. ನಾನು ಒಂದು ಅಂಕ ಬರೆದೆ, ಅಳಿಸಿದೆ. ಮಂಡ್ಯದಿಂದ ಬಂದ ಕಬ್ಬು ಬೆಳೆಗಾರ ಬೇರೆ ಅಂಕ ಹಾಕುತ್ತಾನೆ, ಟ್ರಾಫಿಕ್ಕಿನಲ್ಲಿ ಸಿಕ್ಕ ಆಟೋದವನು ಬೇರೆ.

*

ತಜ್ಞರ ಮನಃಸ್ಥಿತಿಯೇ ಕೆಟ್ಟಿದ್ದರೆ? ಆಂಡ್ರ್ಯೂ ಲಿಟಲ್, ಆ್ಯನ್ ಮೆಂಗ್ ಎಂಬ ವಿದ್ವಾಂಸರು ಈಚೆಗೆ ಇದೇ ಪ್ರಶ್ನೆ ಎತ್ತಿದರು. ಆಳುವವರು ಚುನಾವಣೆಯಲ್ಲಿ ಎಷ್ಟು ಸಲ ಸೋಲುತ್ತಾರೆ ಎಂಬಂಥ, ಕಣ್ಣಿಗೆ ಕಾಣುವ ಸಂಗತಿಗಳನ್ನಷ್ಟೇ ಎಣಿಸಿದರೆ ಜಗತ್ತಿನಾದ್ಯಂತ ಪ್ರಜಾಪ್ರಭುತ್ವ ಕುಸಿಯುತ್ತಿರುವ ಸುಳಿವು ಅಷ್ಟಾಗಿ ಸಿಗುವುದಿಲ್ಲ ಎಂದರು. ವಿ-ಡೆಮ್‌ನವರು ಸುಮ್ಮನಿರಲಿಲ್ಲ. ಯಾವುದನ್ನು ಎಣಿಸಬೇಕೆಂದು ಆರಿಸುವುದೂ ಒಂದು ಅಭಿಪ್ರಾಯವೇ ತಾನೆ ಎಂಬುದು ಅವರ ಉತ್ತರದ ತಿರುಳು. ಆಳುವವರು ಸೋಲುತ್ತಿದ್ದಾರೆ ಎಂಬ ಲೆಕ್ಕಕ್ಕೆ 1976ರ ಭಾರತ ಗೋಚರಿಸುವುದಿಲ್ಲ, 1977ರದು ಮಾತ್ರ ಕಾಣುತ್ತದೆ.

*

ಬೋಟ್ಸ್ವಾನಾದ ಪ್ರಕರಣ. ಆ್ಯಡಂ ಪ್ಶೆವೋರ್ಸ್ಕಿ ಎಂಬ ವಿದ್ವಾಂಸ ಮತ್ತು ಸಂಗಡಿಗರ ಪದ್ಧತಿಯಲ್ಲಿ ಎರಡೇ ಖಾನೆ: ಪ್ರಜಾಪ್ರಭುತ್ವ, ಸರ್ವಾಧಿಕಾರ. ನಡುವೆ ಏನಿಲ್ಲ. ಚುನಾವಣೆ ನಡೆದರೆ ಸಾಲದು, ಅದೇ ನಿಯಮಗಳಡಿ ಆಳುವ ಪಕ್ಷ ಒಮ್ಮೆ ಸೋತು ಇಳಿದಿರಬೇಕು. ಸೋಲದವನು ಸೋತಾಗ ಬಿಟ್ಟುಕೊಡುತ್ತಾನೆಂದು ನಂಬುವುದು ಹೇಗೆ? ಬೋಟ್ಸ್ವಾನಾದಲ್ಲಿ 1966ರ ಸ್ವಾತಂತ್ರ್ಯದಿಂದ ಒಂದೇ ಪಕ್ಷ ಎಲ್ಲ ಚುನಾವಣೆಗಳನ್ನೂ ಗೆಲ್ಲುತ್ತ ಬಂತು. ಆಫ್ರಿಕಾದ ಸಭ್ಯ ಪ್ರಜಾಪ್ರಭುತ್ವ ಎಂದು ಬೇರೆಯವರೆಲ್ಲ ಹೊಗಳುತ್ತಿದ್ದಾಗ ಈ ಪಟ್ಟಿಯಲ್ಲಿ ಅದು ಸರ್ವಾಧಿಕಾರ. ಇದು ಅನ್ಯಾಯವಿರಬಹುದು ಎಂದು ಪಟ್ಟಿ ಮಾಡಿದವರಿಗೂ ಗೊತ್ತಿತ್ತು. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಕಾಲಂ ಇಟ್ಟು, ಇಲ್ಲಿ ನಮ್ಮ ತೀರ್ಮಾನ ತಪ್ಪಿರಬಹುದು ಎಂದು ಗುರುತು ಹಾಕಿದ್ದರು.

2024ರ ಅಕ್ಟೋಬರ್‌ನಲ್ಲಿ ಆ ಪಕ್ಷ ಸೋತಿತು. ಅಧ್ಯಕ್ಷರು ಸೋಲೊಪ್ಪಿಕೊಂಡರು, ಡುಮಾ ಬೊಕೊ ಅಧಿಕಾರಕ್ಕೆ ಬಂದರು. ನಿಯಮದ ಪ್ರಕಾರ ಈಗ ಹಿಂದಕ್ಕೆ ಹೋಗಿ 1966ರಿಂದಲೂ ತಿದ್ದಬೇಕು, ಅಷ್ಟೂ ಸಾಲುಗಳಲ್ಲಿ ಸೊನ್ನೆ ಇದ್ದ ಕಡೆ ಒಂದು. ಆ ಸೊನ್ನೆಗಳನ್ನು ಹಾಕಿ ಲೆಕ್ಕ ಮಾಡಿ ಈಗಾಗಲೇ ಅಚ್ಚಾದ ಪ್ರಬಂಧಗಳ ಗತಿಯೇನು ಎಂದು ಅಣ್ಣನ ಮಗಳಿಗೆ ಸಂದೇಶ ಕಳಿಸಿದೆ. "ಯಾವ ವರ್ಷದ ಫೈಲು ಅಂತ ಅಡಿಟಿಪ್ಪಣಿಯಲ್ಲಿ ಬರೆದಿರ್ತಾರೆ ಚಿಕ್ಕಪ್ಪ" ಎಂದು ಉತ್ತರ ಬಂತು.